ಕೊರಿಯಾ ಮೇಡಂ ಮತ್ತು ಎರಡು ಬಾಂಗ್‌ಸು

ಯಾವುದಾದರೂ ಮಾತಿನ ಮೇಲೆ ಅನುಮಾನ ಬಂದರೆ ಅವರು ಅದನ್ನು ಅಂಗೈ ಮೇಲೆ ಬರೆದು ನೋಡುತ್ತಿದ್ದರು. ಪೆನ್ನು ಬೇಕಿರಲಿಲ್ಲ. ಎಡಗೈ ಬಿಚ್ಚಿ, ಬಲಗೈಯ ತೋರುಬೆರಳಿನಿಂದ ಸರಸರ ಗೀರುತ್ತಿದ್ದರು. ಒಂದು ಅಡ್ಡಗೆರೆ, ಒಂದು ಉದ್ದಗೆರೆ, ಕೊನೆಗೊಂದು ಚುಕ್ಕೆ. ಮೊದಲ ಸಲ ನೋಡಿದಾಗ ಅಂಗೈ ನವೆಯಾಗುತ್ತಿರಬೇಕು ಅಂದುಕೊಂಡಿದ್ದೆ. ಅವರು ಬರೆಯುತ್ತಿದ್ದದ್ದು ಚೀನೀ ಅಕ್ಷರವೆಂದು ಆಮೇಲೆ ತಿಳಿಯಿತು.

ಅವರು ಕೊರಿಯಾದವರು. ದೋಹಾದಲ್ಲಿ ನಾನು ಪ್ಲಾನಿಂಗ್ ಎಂಜಿನಿಯರ್ ಆಗಿದ್ದ ಕಟ್ಟಡ ಕಂಪನಿಯಲ್ಲಿ ದುಭಾಷಿಯಾಗಿದ್ದರು. ನಮ್ಮ ಸೈಟಿನ ದೊಡ್ಡವರೆಲ್ಲ ಕೊರಿಯನ್ನರು. ಮಿಕ್ಕವರು ನಮ್ಮ ದೇಶದವರು, ನೇಪಾಳದವರು, ಫಿಲಿಪೀನ್ಸಿನವರು. ಮೇಲಿನವರ ಕೊರಿಯನ್ ಮಾತನ್ನು ಇಂಗ್ಲಿಷಿಗೆ ಇಳಿಸುವುದು, ನಮ್ಮ ಇಂಗ್ಲಿಷನ್ನು ಕೊರಿಯನ್ನಿಗೆ ಏರಿಸುವುದು ಅವರ ಕೆಲಸ. ಹೆಸರು ಬರೆಯುವುದಿಲ್ಲ. ನಾಲ್ಕು ಜನರೆದುರು ತಮ್ಮ ಹೆಸರು ಕೇಳಿಬಂದರೆ ಕುರ್ಚಿಯಲ್ಲೇ ಕುಗ್ಗಿಹೋಗುತ್ತಿದ್ದ ಹೆಂಗಸು. ಸೈಟಿನ ಮಂಗಳೂರು ಕಡೆಯವರು ‘ಕೊರಿಯಾ ಮೇಡಂ’ ಅನ್ನುತ್ತಿದ್ದರು. ಇಲ್ಲೂ ಅದೇ ಇರಲಿ.

ಕೆಲಸ ಮುಗಿಸಿ ಊರಿಗೆ ಹೋದ ಮೇಲೆ ಅವರು ಹೆಚ್ಚು ದಿನ ಇರಲಿಲ್ಲ. ಕಳೆದ ತಿಂಗಳು ಅವರ ತಂಗಿ ಫೋನಿಗೆ ಸುದ್ದಿ ಕಳಿಸಿದರು. ಓದಿದಾಗ ದುಃಖಕ್ಕಿಂತ ಮೊದಲು ಎದೆಯಲ್ಲಿ ಏನೋ ಚುಚ್ಚಿದ ಹಾಗಾಯಿತು. ಅದು ಯಾಕೆಂದು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ದೋಹಾದ ಅಲ್ ಮುಂತಜಾ ಬಡಾವಣೆಯಲ್ಲಿ ನಮ್ಮಿಬ್ಬರದೂ ಒಂದೇ ಕಟ್ಟಡ. ನಾನು, ನನ್ನ ಗಂಡ, ಮಗಳು ಕೆಳಗಿನ ಫ್ಲ್ಯಾಟಿನಲ್ಲಿ, ಅವರೊಬ್ಬರೇ ಮೇಲಿನದರಲ್ಲಿ. ಅವರ ಅಡುಗೆಮನೆಯಲ್ಲಿ ಹುಳಿಬರಿಸಿದ ಎಲೆಕೋಸಿನ ವಾಸನೆ ನಮಗೆ ಇಳಿಯುತ್ತಿತ್ತು, ನಮ್ಮ ಇಂಗಿನ ಒಗ್ಗರಣೆ ಅವರಿಗೆ ಹತ್ತುತ್ತಿತ್ತು. ನನ್ನ ಗಂಡ ವಾಚ್‌ಮನ್‌ಗೆ ದೂರು ಹೇಳಲು ಹೊರಟಿದ್ದ ದಿನವೇ ಅವರು ಡಬ್ಬಿಯೊಂದನ್ನು ಹಿಡಿದು ಬಾಗಿಲಲ್ಲಿ ನಿಂತಿದ್ದರು. “ನನ್ನ ಮನೆ ವಾಸನೆಗೆ ಕ್ಷಮಿಸಿ. ಇದು ಅದರ ರುಚಿ” ಅಂದರು. ನಾನು ನಿಂಬೆಕಾಯಿ ಉಪ್ಪಿನಕಾಯಿ ಕೊಟ್ಟೆ. ಅದನ್ನು ಬರೀ ಅನ್ನದ ಜೊತೆ ಚಮಚದಲ್ಲಿ ತಿಂದು ಕಣ್ಣಲ್ಲಿ ನೀರು ತಂದುಕೊಂಡು ಮತ್ತೆ ಕೇಳಿದರು. ಅಲ್ಲಿಂದ ನಮ್ಮ ಸ್ನೇಹ.

ಅಲ್ ಥುಮಾಮಾದ ಸೈಟಿಗೆ ಕಂಪನಿ ಕಾರಿನಲ್ಲಿ ಜೊತೆಯಾಗಿ ಹೋಗುತ್ತಿದ್ದೆವು. ಸಿಗ್ನಲ್ಲುಗಳಲ್ಲಿ ನಿಂತಾಗ ಅವರು ತಮ್ಮ ಭಾಷೆಯ ಅವಳಿ ಪದಗಳ ಕತೆ ಹೇಳುತ್ತಿದ್ದರು. ಅವರ ಅಪ್ಪ ಒಂದು ಬಂದರು ಊರಿನಲ್ಲಿ ಮೇಷ್ಟರು. ಬೆಳಿಗ್ಗೆ ಎದ್ದ ಕೂಡಲೇ ಮಗಳನ್ನು ಕೂರಿಸಿ ಹಳೆಯ ಪೇಪರಿನ ಮೇಲೆ ಬ್ರಷ್ಷಿನಿಂದ ಚೀನೀ ಅಕ್ಷರ ಬರೆಸುತ್ತಿದ್ದರಂತೆ. ಕೊರಿಯನ್ನಿಗೆ ತನ್ನದೇ ಲಿಪಿಯಿದೆ, ಹಾಗಿದ್ದೂ ಯಾಕೆ ಎಂದು ಕೇಳಿದೆ.

“ನಿಮಗೆ ಸಂಸ್ಕೃತ ಹೇಗೋ ನಮಗೆ ಚೀನೀ ಹಾಗೆ” ಅಂದರು. “ನಮ್ಮ ಅರ್ಧಕ್ಕಿಂತ ಹೆಚ್ಚು ಪದ ಅಲ್ಲಿಂದ ಬಂದವು. ಅಲ್ಲಿ ಒಂದೊಂದಕ್ಕೂ ಬೇರೆ ಅಕ್ಷರ, ಬೇರೆ ರಾಗ. ನಮ್ಮ ಮನೆಗೆ ಬರುವಾಗ ರಾಗವನ್ನು ಹೊಸ್ತಿಲಲ್ಲೇ ಬಿಟ್ಟು ಬಂದವು. ನಮ್ಮ ಲಿಪಿಯಲ್ಲಿ ಬರೆದರೆ ಅಕ್ಷರದ ವ್ಯತ್ಯಾಸವೂ ಹೋಗುತ್ತದೆ. ಈಗ ಕೇಳಿದರೂ ಒಂದೇ, ಬರೆದರೂ ಒಂದೇ.”

ರಾಜಧಾನಿಗೂ ನೀರಿನ ನಲ್ಲಿಗೂ ಅವರಲ್ಲಿ ‘ಸೂದೊ’. ಪೂರ್ವಿಕರು ಬಿಟ್ಟುಹೋದ ಆಸ್ತಿಗೂ ಗರ್ಭ ಇಳಿದುಹೋಗುವುದಕ್ಕೂ ‘ಯೂಸಾನ್’. ನಮ್ಮಲ್ಲೂ ಹೀಗೆ ಉಂಟೇ ಎಂದು ಅವರು ಕೇಳಿದಾಗ ನಾನು ‘ಕರಿ’ ಹೇಳಿದೆ: ಕಪ್ಪೂ ಹೌದು, ಆನೆಯೂ ಹೌದು. ಯಾವುದು ಎಲ್ಲಿಂದ ಬಂತು ಎಂದು ಬಿಡದೆ ಕೇಳಿದರು. ಆನೆ ಸಂಸ್ಕೃತದ್ದು, ಕಪ್ಪು ನಮ್ಮದೇ ಅಂದೆ. ಅವರಿಗೆ ಬಹಳ ಖುಷಿಯಾಯಿತು.

“ನಿಮ್ಮಲ್ಲಿ ನೆಂಟರೂ ಮನೆಯವರೂ ಒಂದೇ ಬಟ್ಟೆ ಹಾಕಿದ್ದಾರೆ. ನಮ್ಮಲ್ಲಿ ನೆಂಟರೇ ಒಬ್ಬರ ಹಾಗೆ ಇನ್ನೊಬ್ಬರು.”

ಒಮ್ಮೆ ಕಂಪನಿಯವರ ಫುಟ್‌ಬಾಲ್ ಪಂದ್ಯಗಳು ನಡೆಯುತ್ತಿದ್ದವು. ಆಟ ನೋಡಲು ಮೇಡಂ ಹೋಗಿರಲಿಲ್ಲ. ಕೊರಿಯನ್ ಎಂಜಿನಿಯರೊಬ್ಬ ಬಂದು ನಮ್ಮ ಸೈಟಿನ ತಂಡಕ್ಕೆ ಮತ್ತೆ ‘ಯೊನ್‌ಪೆ’ ಅಂದ. ಸತತ ಗೆಲುವಿಗೂ ಅದೇ ಪದ, ಸತತ ಸೋಲಿಗೂ ಅದೇ ಪದ. ಇವರು ಗೆಲುವೆಂದು ತಿಳಿದು ಸಭೆಯಲ್ಲಿ ಎಲ್ಲರ ಪರವಾಗಿ ಅಭಿನಂದನೆ ಹೇಳಿಬಿಟ್ಟರು. ಮೈಕೈ ನೋಯಿಸಿಕೊಂಡು ಸೋತು ಬಂದಿದ್ದ ಹುಡುಗರು ಮುಖಮುಖ ನೋಡಿಕೊಂಡರು. ಆಮೇಲೆ ಸಭೆಯೆಲ್ಲ ಬಿದ್ದುಬಿದ್ದು ನಕ್ಕಿತು. ಅವರು ಮಾತ್ರ ಕಿವಿಯವರೆಗೂ ಕೆಂಪಾದರು. ಸಂಜೆ ಮನೆ ಮುಂದೆ ಕಾರಿನಿಂದ ಇಳಿಯುವಾಗ ಹೇಳಿದರು, “ದುಭಾಷಿಯ ಮುಖವನ್ನು ಜನ ನೋಡುವುದು ಅವಳು ತಪ್ಪು ಮಾಡಿದಾಗ ಮಾತ್ರ.”

“ಬಿಡಿ ಮೇಡಂ, ತಮಾಷೆ ಆಯ್ತಷ್ಟೆ” ಅಂದೆ.

“ಈ ಸಲ ತಮಾಷೆ ಆಯಿತು” ಅಂದರು.

ಮುಂದಿನ ಸಲ ಆಗಲಿಲ್ಲ.

ನಮ್ಮ ಸೈಟಿನ ಮುಖ್ಯಸ್ಥರು ಮಾತು ಕಡಿಮೆ ಆಡುವ ಮನುಷ್ಯ. ಒಂದು ಬೆಳಿಗ್ಗೆ ಸಭೆ ಮುಗಿಯುವ ಹೊತ್ತಿಗೆ, ಕುರ್ಚಿಯಿಂದ ಏಳುತ್ತಲೇ, ಮಧ್ಯಾಹ್ನ ಕೆಳಗಿನ ಬೇಸ್‌ಮೆಂಟಿನಲ್ಲಿ ಬಾಂಗ್‌ಸು ಪರೀಕ್ಷೆ ಇದೆ ಅಂದರು. ‘ಸು’ ಎಂದರೆ ನೀರು. ‘ಬಾಂಗ್’ ಎಂದರೆ ತಡೆಯುವುದು. ಬಿಡುವುದು ಎಂದರೂ ‘ಬಾಂಗ್’. ಚೀನಾದಲ್ಲಿ ಎರಡಕ್ಕೂ ಅಕ್ಷರ ಬೇರೆ, ರಾಗ ಬೇರೆ. ಕೊರಿಯಾದಲ್ಲಿ ಎರಡೂ ಒಂದೇ. ಆ ವಾರ ಬೇಸ್‌ಮೆಂಟಿನ ನೀರಿನ ತೊಟ್ಟಿಗೆ ಸೋರದ ಹಾಗೆ ಲೇಪ ಹಚ್ಚಿದ್ದರು. ಎಲ್ಲರ ಬಾಯಲ್ಲೂ ಅದೇ ಮಾತು. ಅದರ ಪರೀಕ್ಷೆಯೆಂದರೆ ತೊಟ್ಟಿ ತುಂಬಿಸಿ ಸುಮ್ಮನೆ ಕಾಯುವುದು; ಪಕ್ಕದಲ್ಲಿ ಯಾರು ಏನು ಕೆಲಸ ಮಾಡಿದರೂ ಅಪಾಯವಿಲ್ಲ. ಮೇಡಂ ಇಂಗ್ಲಿಷಿನಲ್ಲಿ ಅದನ್ನೇ ಹೇಳಿದರು: ನೀರು ಸೋರದ ಪರೀಕ್ಷೆ. ಮುಖ್ಯಸ್ಥರು ಹೇಳಿದ್ದು ಇನ್ನೊಂದು. ಬೆಂಕಿ ಆರಿಸುವ ಪೈಪಿಗೆ ಪಂಪಿನಿಂದ ಪೂರ್ತಿ ಒತ್ತಡದಲ್ಲಿ ನೀರು ಬಿಟ್ಟು ನೋಡುವುದು. ಅದಕ್ಕೆ ಆ ಅಂತಸ್ತಿನಲ್ಲಿ ಒಂದು ನರಪಿಳ್ಳೆಯೂ ಇರಬಾರದು.

ಹಮೀದ್ ಅಲ್ಲಿದ್ದರು. ಪ್ಲಂಬಿಂಗ್ ಫೋರ್‌ಮನ್, ಉಳ್ಳಾಲದ ಕಡೆಯವರು, ಹೆಂಡತಿ ಮಕ್ಕಳೊಂದಿಗೆ ಬಹಳ ವರ್ಷದಿಂದ ದೋಹಾದಲ್ಲೇ ನೆಲೆಸಿದವರು. ಅಟ್ಟಣೆ ಹತ್ತಿ, ಆ ಬೆಂಕಿ ಪೈಪಿನದೇ ಒಂದು ವಾಲ್ವ್ ಬಿಚ್ಚಿ ವಾಷರ್ ಬದಲಾಯಿಸುತ್ತಿದ್ದರು. ಪಂಪ್ ಶುರುವಾಯಿತು. ತೆರೆದ ಬಾಯಿಂದ ನುಗ್ಗಿದ ನೀರು ಎದೆಗೆ ಹೊಡೆದು ಅವರನ್ನು ಕೆಳಕ್ಕೆ ಎಸೆಯಿತು. ಸೊಂಟದ ಮೂಳೆ ಮುರಿಯಿತು.

ಆಂಬುಲೆನ್ಸ್ ಹೋದ ಮೇಲೆ ಮುಖ್ಯಸ್ಥರು ಆಫೀಸಿನ ಕಾರಿಡಾರಿನಲ್ಲಿ ನಿಂತು ಕೊರಿಯನ್ನಿನಲ್ಲಿ ಕೂಗಾಡುತ್ತಿದ್ದರು. ನನಗೆ ತಿಳಿದದ್ದು ಬಾಂಗ್‌ಸು ಎಂಬ ಒಂದೇ ಪದ. ಮೇಡಂ ಗೋಡೆಗೆ ಒರಗಿ ನಿಂತಿದ್ದರು. ಅವರ ಬೆರಳು ಅಂಗೈ ಮೇಲೆ ಬರೆಯಿತು. ನಿಂತಿತು. ಮತ್ತೆ ಬೇರೆಯಾಗಿ ಬರೆಯಿತು. ಆಮೇಲೆ ಆ ಕೈಯನ್ನು ಮುಷ್ಟಿ ಮಾಡಿ ಜೇಬಿಗೆ ಹಾಕಿಕೊಂಡರು.

ವಿಚಾರಣೆ ನಡೆಯಿತು. ಪಂಪ್ ರೂಮಿನವರು ಕೆಳಗೆ ಹೋಗಿ ನೋಡಿರಲಿಲ್ಲ, ವಾಲ್ವಿಗೆ ಬೀಗ ಹಾಕಿರಲಿಲ್ಲ, ಎರಡು ತಂಡಗಳು ಒಂದಕ್ಕೊಂದು ಹೇಳಿಕೊಂಡಿರಲಿಲ್ಲ. ತಪ್ಪು ಎಲ್ಲರ ಮಧ್ಯೆ ಚೂರುಚೂರಾಗಿ ಹಂಚಿಹೋಗಿತ್ತು, ಯಾರ ಪಾಲಿಗೂ ಭಾರವಾಗುವಷ್ಟು ಬಂದಿರಲಿಲ್ಲ. ಮುಖ್ಯಸ್ಥರಿಗೆ ಇಂಗ್ಲಿಷಿನಲ್ಲಿ ಏನು ಹೋಯಿತೆಂದು ಗೊತ್ತಿಲ್ಲ. ನಮಗೆ ಕೊರಿಯನ್ನಿನಲ್ಲಿ ಏನು ಬಂತೆಂದು ಗೊತ್ತಿಲ್ಲ. ಎರಡೂ ಗೊತ್ತಿದ್ದವರು ಒಬ್ಬರೇ. ಅವರು ಬಾಯಿ ಬಿಡದಿದ್ದರೆ ಆ ಮಾತು ಅಲ್ಲೇ ಮುಚ್ಚಿಹೋಗುತ್ತಿತ್ತು.

ಅವರು ಎದ್ದು ನಿಂತು ಕೊರಿಯನ್ನಿನಲ್ಲಿ ನಾಲ್ಕು ಮಾತು ಹೇಳಿದರು. ಆಮೇಲೆ ಅಭ್ಯಾಸಬಲದಿಂದ ನಮ್ಮ ಕಡೆ ತಿರುಗಿ, ಬೇರೆಯವರ ಮಾತನ್ನು ಹೇಳುವ ಅದೇ ಸಮದನಿಯಲ್ಲಿ, ತಮ್ಮದನ್ನೇ ಇಂಗ್ಲಿಷ್ ಮಾಡಿದರು: “ಅವರು ಸರಿಯಾಗಿಯೇ ಹೇಳಿದ್ದರು. ನಾನು ತಪ್ಪು ಹೇಳಿದೆ. ಯಾವುದು ಎಂದು ಕೇಳಬೇಕಿತ್ತು. ಎಲ್ಲರೂ ಏಳುತ್ತಿದ್ದರು, ಕೇಳಲಿಲ್ಲ.”

ಮುಖ್ಯಸ್ಥರು ತಗ್ಗಿದ ದನಿಯಲ್ಲಿ ಏನೋ ಅಂದರು. ನಮ್ಮಲ್ಲೊಬ್ಬರು ಏನಂದರು ಎಂದು ಕೇಳಿದರು.

“ಅದು ನನಗೆ ಹೇಳಿದ್ದು” ಅಂದು ಮೇಡಂ ಕೂತುಕೊಂಡರು.

ಆ ಸಂಜೆ ನಾವೆಲ್ಲ ಹಗುರಾಗಿ ಮನೆಗೆ ಹೋದೆವು. ಬೀಗ ಹಾಕದವರು, ಇಳಿದು ನೋಡದವರು, ತಲೆಯಾಡಿಸಿ ಎದ್ದವರು, ಎಲ್ಲರೂ. ಒಬ್ಬ ಹೆಂಗಸು ನಮ್ಮೆಲ್ಲರ ಪಾಲನ್ನೂ ಹೊತ್ತಳೆಂದು ಆ ಹೊತ್ತಿಗೆ ಯಾರಿಗೂ ಅನಿಸಲಿಲ್ಲ.

ಹಮೀದ್ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಮೇಡಂ ನನ್ನ ಬಾಗಿಲು ತಟ್ಟಿದರು. “ನೀವು ನನ್ನ ದುಭಾಷಿ ಆಗ್ತೀರಾ?”

“ಅವರಿಗೆ ಸೈಟಿನ ಇಂಗ್ಲಿಷ್ ಬರುತ್ತೆ, ಮೇಡಂ.”

“ಸೈಟಿನ ಇಂಗ್ಲಿಷಿನಲ್ಲಿ ಹೇಳುವ ಮಾತಲ್ಲ. ಅವರು ಕೋಪ ಬಂದಾಗ ಯಾವ ಭಾಷೆ ಆಡ್ತಾರೆ?”

“ಬ್ಯಾರಿ. ನನಗೆ ಬರಲ್ಲ. ನಾವು ಕನ್ನಡದಲ್ಲಿ ಮಾತಾಡ್ತೀವಿ.”

“ಹಾಗಾದರೆ ಕನ್ನಡ.”

ದಾರಿಯಲ್ಲಿ ಹಣ್ಣಿನ ಅಂಗಡಿ ಮುಂದೆ ಕಾರು ನಿಲ್ಲಿಸಿದೆ. ಸೇಬಿಗೆ ಕೈ ಹಾಕಿದ್ದೆ, ತಡೆದರು. “ಸೇಬು ಬೇಡ. ನಮ್ಮಲ್ಲಿ ಸೇಬಿಗೂ ‘ಸಾಗ್ವಾ’, ಕ್ಷಮೆ ಕೇಳುವುದಕ್ಕೂ ‘ಸಾಗ್ವಾ’. ಮಕ್ಕಳು ಜಗಳವಾಡಿ ರಾಜಿಯಾಗುವಾಗ ಸೇಬು ಕೊಡ್ತಾರೆ, ಅದೊಂದು ತಮಾಷೆ. ನಾನು ತಮಾಷೆಗೆ ಹೋಗ್ತಿಲ್ಲ.” ಕಿತ್ತಳೆ ತೆಗೆದುಕೊಂಡೆವು.

ಹಮೀದ್ ದಿಂಬುಗಳಿಗೆ ಒರಗಿ ಸೋಫಾದ ಮೇಲೆ ಕಾಲು ಚಾಚಿದ್ದರು. ಪಕ್ಕದಲ್ಲಿ ವಾಕರ್. ಅವರ ಹೆಂಡತಿ ಚಹಾ, ಗೋಳಿಬಜೆ ತಂದಿಟ್ಟು ಒಳಬಾಗಿಲಲ್ಲಿ ನಿಂತರು. ಮೇಡಂ ಕೂರಲಿಲ್ಲ. ಕೈಕಟ್ಟಿ ನಿಂತು ಇಂಗ್ಲಿಷಿನಲ್ಲಿ ಒಂದೇ ಸಮನೆ ಹೇಳಿದರು: ಯಾವ ಪದ, ಅದಕ್ಕೆ ಯಾವ ಎರಡು ಅರ್ಥ, ತಾವು ಯಾವುದನ್ನು ಆರಿಸಿದರು, ಯಾಕೆ ಕೇಳಲಿಲ್ಲ. ಹಮೀದರ ಮುಖ ನೋಡಿ ಅಷ್ಟನ್ನೂ ಕನ್ನಡದಲ್ಲಿ ಹೇಳಲು ನನ್ನಿಂದಾಗಲಿಲ್ಲ.

“ಹಮೀದ್ ಭಾಯ್, ನಡೆದಿದ್ದಕ್ಕೆ ಮೇಡಂಗೆ ತುಂಬಾ ಬೇಜಾರಾಗಿದೆ” ಅಂದೆ.

ಮೇಡಂ ನನ್ನತ್ತ ತಿರುಗಿದರು. “ನಾನು ಅಷ್ಟು ಹೇಳಿದೆ. ನೀವು ಇಷ್ಟೇ ಹೇಳಿದಿರಿ. ನನ್ನ ತಪ್ಪು ಅನ್ನುವ ಮಾತು ಅದರಲ್ಲಿ ಬಂತಾ?”

“ಇಲ್ಲ.”

“ದಯವಿಟ್ಟು ಹೇಳಿ.”

ಪೂರ್ತಿ ಹೇಳಿದೆ. ಬೇರೆಯವರ ತಪ್ಪನ್ನು ‘ನಾನು’ ಎಂದು ಹೇಳುವುದು ಇಷ್ಟು ಕಷ್ಟವೆಂದು ಆವತ್ತಿನವರೆಗೆ ಗೊತ್ತಿರಲಿಲ್ಲ. ಹಮೀದ್ ಮೇಡಂ ಕಡೆ ತಿರುಗಿದರು.

“ಆ ಶಬ್ದ ಎಂತದು?”

“ಬಾಂಗ್‌ಸು” ಅಂದರು ಮೇಡಂ. ಬಗ್ಗಿ, ತಮ್ಮ ಅಂಗೈಯನ್ನು ಅವರ ಮುಂದೆ ಚಾಚಿ ಎರಡೂ ಅಕ್ಷರ ಬರೆದು ತೋರಿಸಿದರು. ಹಮೀದ್ ಆ ಖಾಲಿ ಕೈಯನ್ನೇ ನೋಡಿದರು. ಬಾಯಲ್ಲಿ ಏನೋ ಗೊಣಗಿದರು. ನಮಗೆ ಕೇಳಿಸಿದ್ದು “ಮಾಫಿ” ಎಂಬ ಪದ ಮಾತ್ರ.

ಮೇಡಂ ತಲೆ ತಗ್ಗಿಸಿದರು. ಗಲ್ಫಿನಲ್ಲಿ ಇದ್ದವರಿಗೆ ಆ ಪದ ಗೊತ್ತು. ಅಂಗಡಿಯಲ್ಲಿ ಕೇಳಿದ ಸಾಮಾನು ಇಲ್ಲದಿದ್ದರೆ ‘ಮಾಫಿ’, ಇಲ್ಲ. ನಾನು ಗಾಬರಿಯಾಗಿ, ಅದು ಅರಬ್ಬಿ ಮಾಫಿ ಅಲ್ಲ, ನಮ್ಮಲ್ಲಿ ಹಾಗಂದರೆ ಕ್ಷಮೆ ಎಂದು ಬಿಡಿಸಿ ಹೇಳಿದೆ. ಅವರ ಮುಖ ಅರಳಲಿಲ್ಲ.

“ಅವರು ಹೇಳಿದ್ದು ಯಾವುದು? ನೀವು ಊಹಿಸಬೇಡಿ. ಅವರನ್ನೇ ಕೇಳಿ.”

ಕೇಳಿದೆ. ಹಮೀದ್ ಒಂದು ಸಲ ಹೆಂಡತಿಯ ಕಡೆ ನೋಡಿದರು, ಒಂದು ಸಲ ವಾಕರಿನ ಕಡೆ. ಆಮೇಲೆ ನನಗೆ ಹೇಳಿದರು:

“ಎಂತ ಹೇಳ್ಲಿಕ್ಕೆ ಹೊರಟೆ ಅಂತ ನನಗೇ ಗೊತ್ತಾಗ್ಲಿಲ್ಲ ಮೇಡಂ. ನಾನು ಇನ್ನು ಮೇಲೆ ಏಣಿ ಹತ್ಲಿಕ್ಕಿಲ್ಲ ಅಂತ ಡಾಕ್ಟ್ರು ಹೇಳಿ ಎರಡು ದಿನ ಆಯ್ತಷ್ಟೆ. ಈಗ ಕೇಳ್ಬೇಡಿ ಅಂತ ಹೇಳಿ ಅವರಿಗೆ.”

ಒಂದಕ್ಷರ ಬಿಡದೆ ಹೇಳಿದೆ. ಮೇಡಂ ಸೊಂಟ ಬಗ್ಗಿಸಿ ನಮಸ್ಕರಿಸಿ ಹೊರಬಂದರು. ಮೆಟ್ಟಿಲಿಳಿಯುವಾಗ ಅಂದರು, “ಅವರು ಸುಳ್ಳು ಹೇಳಲಿಲ್ಲ. ನನಗೆ ಸಮಾಧಾನ ಮಾಡಿ ಕಳಿಸಬಹುದಿತ್ತು.”

ಕಂಪನಿ ಅವರನ್ನು ದುಭಾಷಿ ಕೆಲಸದಿಂದ ತೆಗೆದು ಕಾಗದಪತ್ರ ನೋಡಿಕೊಳ್ಳುವ ಕೋಣೆಗೆ ಹಾಕಿತು. ಅವರ ಜಾಗಕ್ಕೆ ಬಂದ ಹುಡುಗನಿಗೆ ಚೀನೀ ಅಕ್ಷರ ಒಂದೂ ಬರುತ್ತಿರಲಿಲ್ಲ. ಅವನನ್ನು ಕಂಡಾಗಲೆಲ್ಲ ಮೇಡಂ ಅಡ್ಡಗಟ್ಟಿ, “ಕೇಳು. ದಡ್ಡ ಅಂದರೂ ಪರವಾಗಿಲ್ಲ, ಕೇಳು” ಅನ್ನುತ್ತಿದ್ದರು. ಅವನು ಇವರನ್ನು ಕಂಡರೆ ದಾರಿ ಬದಲಿಸತೊಡಗಿದ. ಕಾರಿನಲ್ಲಿ ಅವಳಿ ಪದಗಳ ಕತೆ ನಿಂತುಹೋಯಿತು. ಅವರನ್ನು ನಗಿಸಲೆಂದು ಒಂದು ದಿನ ನಾನೇ ಕನ್ನಡದ ಎರಡು ‘ಅರಿ’ಗಳನ್ನು ತೆಗೆದೆ, ತಿಳಿ ಮತ್ತು ಶತ್ರು. ಕೇಳಿ ಕಿಟಕಿಯಾಚೆ ನೋಡುತ್ತಾ, “ಅಪ್ಪ ಇದ್ದಿದ್ದರೆ ಬೈಯುತ್ತಿದ್ದರು” ಅಂದರು. “ಅಷ್ಟು ಪೇಪರು ದಂಡ ಮಾಡಿದೆ.”

ಹಮೀದರಿಗೆ ನಡೆಯಲು ಬಂತು, ಕುಂಟು ಉಳಿಯಿತು. ಅಲ್ ಥುಮಾಮಾದಲ್ಲಿ ಅವರ ಹೆಂಡತಿಯ ಅಣ್ಣನದೊಂದು ಕೆಫೆಟೇರಿಯಾ ಇತ್ತು. ಕಾರಿನಲ್ಲಿ ಕೂತವರಿಗೂ ಚಹಾ, ಪರೋಟ ಕೊಡುವ ಸಣ್ಣ ಅಂಗಡಿ. ಅದರ ಗಲ್ಲಾ ಮೇಲೆ ಹಮೀದ್ ಕೂತರು. ಮೇಡಂ ಶುಕ್ರವಾರ ಸಂಜೆ ಅಲ್ಲಿಗೆ ಹೋಗಲು ಶುರುಮಾಡಿದರು, ಬಸ್ಸಿನಲ್ಲಿ. ಕೆಲವು ಸಲ ನಾನೂ ಹೋಗಿದ್ದೇನೆ. ಗೋಡೆ ಪಕ್ಕದ ಮೇಜು. ಮುಂದೆ ಏಲಕ್ಕಿ ಹಾಕಿ ಕುದಿಸಿದ ಕರಕ್ ಚಹಾ. ಹಮೀದ್ ಅವರಿಗೆ ಒಂದು ಪ್ರಶ್ನೆ ಕಲಿಸಿದ್ದರು. ಒಳಗೆ ಬಂದವರೇ “ಆರಾಮುಂಟಾ?” ಅನ್ನುತ್ತಿದ್ದರು. “ಉಂಟು” ಅಂದರೆ ನೋವು ಕಡಿಮೆಯಿದೆ ಎಂದರ್ಥ. ಕೆಲವು ದಿನ ಹಮೀದ್ ಉತ್ತರ ಕೊಡದೆ ಮುಖ ತಿರುಗಿಸುತ್ತಿದ್ದರು. ಆವತ್ತೂ ಮೇಡಂ ಅಷ್ಟೇ ಹೊತ್ತು ಕೂತು ಎದ್ದು ಬರುತ್ತಿದ್ದರು.

ನಾನು ಒಮ್ಮೆ, “ನೀವು ತುಂಬಾ ಒಳ್ಳೆಯವರು ಮೇಡಂ” ಅಂದುಬಿಟ್ಟೆ. ಅವರಿಗೆ ಸಿಟ್ಟು ಬಂದದ್ದನ್ನು ನಾನು ನೋಡಿದ್ದು ಆವತ್ತೊಂದೇ ದಿನ.

“ಒಳ್ಳೆಯತನ ಅನ್ನಬೇಡಿ. ಹೋಗದ ಶುಕ್ರವಾರ ನನಗೆ ಅನ್ನ ಇಳಿಯುವುದಿಲ್ಲ. ಅಷ್ಟೇ.”

ನಿವೃತ್ತಿಯಾಗಿ ಹೊರಡುವ ಮುಂಚಿನ ಶುಕ್ರವಾರವೂ ಹೋಗಿದ್ದರು. ಹಮೀದ್ ಏನಾದರೂ ಅಂದರಾ ಎಂದು ಕೇಳಿದೆ. “ಚಳಿ ದೇಶಕ್ಕೆ ಹೋಗ್ತಿದ್ದೀರಿ, ಜಾಗ್ರತೆ ಅಂದರು” ಎಂದು ಹೇಳಿ, ತಮ್ಮ ಅನ್ನದ ಕುಕ್ಕರನ್ನು ನನ್ನ ಕೈಗಿತ್ತರು. ಆ ದಿನದ ‘ಮಾಫಿ’ ಯಾವುದೆಂದು ಮಾತ್ರ ಅವರು ಹಮೀದರ ಬಳಿ ಎರಡನೇ ಸಲ ಕೇಳಲೇ ಇಲ್ಲ. ಈಗ ಕೇಳ್ಬೇಡಿ ಎಂದು ಹಮೀದ್ ಹೇಳಿದ್ದರಲ್ಲ.

ತಂಗಿಯ ಮೆಸೇಜ್ ಬಂದ ಮೇಲೆ ಮೂರ್ನಾಲ್ಕು ದಿನ ಹಮೀದರಿಗೆ ಹೇಗೆ ತಿಳಿಸುವುದೆಂದು ಒದ್ದಾಡಿದೆ. ಫೋನಿನಲ್ಲಿ ಹೇಳಲು ಮನಸ್ಸಾಗಲಿಲ್ಲ. ಶನಿವಾರ ಹೋದೆ. ಗಿರಾಕಿಗಳು ಕಡಿಮೆಯಿದ್ದರು. ನನ್ನ ಮುಖ ನೋಡಿಯೇ ಅವರು ಗಲ್ಲಾ ಬಿಟ್ಟು ಎದ್ದು, ಕುಂಟುತ್ತಾ ಗೋಡೆ ಪಕ್ಕದ ಮೇಜಿಗೆ ಬಂದರು. ಹೇಳಿದೆ. ಕಣ್ಣು ಮುಚ್ಚಿ ಅರಬ್ಬಿಯಲ್ಲಿ ಪ್ರಾರ್ಥನೆಯ ಮಾತು ಹೇಳಿದರು. ನನಗೆ ಚಹಾ ತರಿಸಿದರು. ತಾವು ಕುಡಿಯಲಿಲ್ಲ.

“ನನಗೆ ಸಿಟ್ಟು ಯಾವಾಗ್ಲೋ ಹೋಗಿತ್ತು ಮೇಡಂ” ಅಂದರು.

ಅಂಗೈಯಿಂದ ಮೇಜನ್ನು ಒರೆಸಿದರು.

“ನಾನು ಅವರಿಗೆ ಹೇಳ್ಲಿಲ್ಲ. ಒಂದು ವರ್ಷದ ಮೇಲೆ ಆಯ್ತು, ಹೇಳ್ಬೇಕು ಹೇಳ್ಬೇಕು ಅಂತ. ಬಿದ್ದಾಗ ಆಸ್ಪತ್ರೆಗೆ ಎಲ್ರೂ ಬಂದ್ರು, ಮತ್ತೆ ಯಾರು ಬಂದ್ರು? ಅವರೊಬ್ರೇ. ಹೇಳಿಬಿಟ್ರೆ ಅವರೂ ಬರ್ಲಿಕ್ಕಿಲ್ಲ ಅಂತ ಕಂಡ್ತು. ಹೊರಡುವ ವಾರ ಆದ್ರೂ ಹೇಳ್ಬೇಕಿತ್ತು. ನಾಲಿಗೆ ತುದಿಗೆ ಬಂದಿತ್ತು. ಚಳಿ, ಜಾಗ್ರತೆ ಅಂತ ಎಂತೆಂತದೋ ಹೇಳಿದೆ.”

ಸಮಾಧಾನ ಹೇಳಲೇಬೇಕೆನಿಸಿತು. “ಅವರಿಗೆ ಗೊತ್ತಾಗಿರುತ್ತೆ ಹಮೀದ್ ಭಾಯ್. ಭಾಷೆ ಬಲ್ಲವರು, ಮುಖ ನೋಡಿದರೆ ತಿಳೀತಿತ್ತು. ಆಮೇಲಾಮೇಲೆ ನಿಮ್ಮ ಅಂಗಡಿ ಚಹಾಕ್ಕೇ ಬರ್ತಿದ್ದರು ಅನ್ಸುತ್ತೆ.”

ಹಮೀದ್ ಅಲ್ಲವೆಂದು ತಲೆಯಾಡಿಸಿದರು.

“ಚಾ ಅವರಿಗೆ ಸೇರ್ತಿರ್ಲಿಲ್ಲ ಮೇಡಂ. ಒಂದು ದಿನವೂ ಅರ್ಧದ ಮೇಲೆ ಕುಡೀಲಿಲ್ಲ.”